ಪದ ಪರಿಚಯ: ಮನ್ನಿಸು

ಮೈಸೂರಿನ ಸಂತ ಫಿಲೋಮಿನಾ ದೇವಾಲಯದಲ್ಲಾಗಲಿ ದೋರನಹಳ್ಳಿಯಲ್ಲಾಗಲಿ ಕನ್ನಡದ ಪೂಜೆಗೆ ನಿಂತರೆ ‘ಕ್ಷಮಿಸು’ ಎಂಬ ಮಾತು ಹತ್ತಾರು ಸಲ ಕಿವಿಗೆ ಬೀಳುತ್ತದೆ. ಅದರ ಪಕ್ಕದಲ್ಲಿ ‘ಮನ್ನಿಸು’ ಎಂಬ ಇನ್ನೊಂದು ಪದವಿದೆ. ಇಂದಿನ ಬಳಕೆಯಲ್ಲಿ ಎರಡಕ್ಕೂ ಒಂದೇ ಅರ್ಥವೆಂದು ತಿಳಿದು ಮುಗಿಸುತ್ತೇವೆ. ಆದರೆ ದೇವರು ಮನುಷ್ಯನನ್ನು ಪ್ರೀತಿಸಿ ಅವನ ಪಾಪಗಳನ್ನು ಕ್ಷಮಿಸಿದರು ಎಂದು ಕ್ರೈಸ್ತರು ಹೇಳುವಾಗ ಅದರೊಳಗೆ ಏನೇನಿದೆ ಎಂದು ಬಿಡಿಸಲು ಹೊರಟರೆ, ಹೆಚ್ಚು ನೆರವಾಗುವುದು ಎರಡನೆಯ ಪದವೇ.

ಕ್ಷಮೆಯ ಮೂಲ ಸಂಸ್ಕೃತದ ‘ಕ್ಷಮ್’ ಧಾತು: ತಾಳು, ಸೈರಿಸು. ಭೂಮಿಗೆ ‘ಕ್ಷಮಾ’ ಎಂಬ ಹೆಸರು ಬಂದದ್ದೂ ಹಾಗೆಯೇ. ಅಗೆದರೂ ಉತ್ತರೂ ಆಕೆ ತಾಳಿಕೊಳ್ಳುತ್ತಾಳೆ. ಬೈಬಲ್ಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಅಫಿಯೆಮಿ’ಯ ಜಾಡು ಬೇರೆ. ಅದರ ಅರ್ಥ ಬಿಟ್ಟುಬಿಡು, ಕೈಬಿಡು. ಸಾಲ ಬಿಡುವುದಕ್ಕೂ ಅದೇ ಪದ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಂತೂ ‘ಹೋಬಾ’ ಎಂದರೆ ಸಾಲವೂ ಹೌದು, ಪಾಪವೂ ಹೌದು. ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯಲ್ಲಿ ನಾವು ‘ತಪ್ಪು’ ಎಂದು ಹೇಳುವ ಜಾಗದಲ್ಲಿ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲ (6:12) ಬಳಸುವುದು ‘ಸಾಲ’ ಎಂಬ ಪದವನ್ನು. ಲೂಕ (11:4) ಮೊದಲರ್ಧದಲ್ಲಿ ‘ಪಾಪ’ ಎಂದು ಬರೆದು, ಎರಡನೆಯ ಅರ್ಧಕ್ಕೆ ಬಂದಾಗ ಮತ್ತೆ ಸಾಲಗಾರನ ಮಾತಿಗೇ ಹೊರಳುತ್ತಾನೆ. ಅಂದರೆ ಈ ಪದದ ಹುಟ್ಟೂರು ಲೆಕ್ಕದ ಪುಸ್ತಕ. ಮಂಡ್ಯದ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ‘ಸಾಲಮನ್ನಾ’ ಎಂದರೆ ಸಾಕು.

ಸಾಲದ ಕತೆ ಮತ್ತಾಯನ 18ನೇ ಅಧ್ಯಾಯದಲ್ಲಿದೆ. ಅದರಲ್ಲಿನ ಮೊತ್ತಗಳನ್ನು ಚರ್ಚಿನ ಪ್ರಸಂಗಗಳಲ್ಲಿ ಹೆಚ್ಚಾಗಿ ‘ದೊಡ್ಡ ಸಾಲ, ಚಿಕ್ಕ ಸಾಲ’ ಎಂದು ದಾಟಿಸಿಬಿಡುತ್ತಾರೆ. ಅಲ್ಲೇ ಕತೆಯ ಅರ್ಧ ಕಳೆದುಹೋಗುತ್ತದೆ. ಸೇವಕನೊಬ್ಬ ಅರಸನಿಗೆ ಕೊಡಬೇಕಾದದ್ದು 10,000 ತಲಾಂತು. ಜೊತೆಯ ಸೇವಕ ಅವನಿಗೆ ಕೊಡಬೇಕಾದದ್ದು 100 ದಿನಾರಿ. ಒಂದು ದಿನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ದಿನಗೂಲಿ 500 ರೂಪಾಯಿ ಎಂದು ಹಿಡಿದರೆ ಚಿಕ್ಕ ಸಾಲ 50,000 ರೂಪಾಯಿ, ಒಂದು ಬೆಳೆಯಲ್ಲಿ ತೀರಬಹುದಾದ ಕೈಸಾಲ. ದೊಡ್ಡದು 3,000 ಕೋಟಿ. ಆ ಕಾಲದಲ್ಲಿ ಗಲಿಲಾಯ ಮತ್ತು ಪೆರಿಯಾ ಸೀಮೆಗಳೆರಡೂ ಸೇರಿ ಅವನ್ನು ಆಳುತ್ತಿದ್ದ ಹೆರೋದ ಅಂತಿಪನಿಗೆ ಬರುತ್ತಿದ್ದ ವರ್ಷದ ಕಂದಾಯ 200 ತಲಾಂತು. ಒಂದು ನಾಡಿನ 50 ವರ್ಷದ ಕಂದಾಯವನ್ನು ಒಬ್ಬ ಸೇವಕ ತಲೆಯ ಮೇಲೆ ಹೊತ್ತಿದ್ದಾನೆ! ತೀರಿಸುವ ಮಾತೇ ಇಲ್ಲ ಎನ್ನುವುದಕ್ಕೆಂದೇ ಯೇಸು ಅಷ್ಟು ದೊಡ್ಡ ಸಂಖ್ಯೆ ಆರಿಸಿದ್ದು.

ಈಗ ಅವನು ಬೇಡಿದ್ದೇನು ಎಂದು ನೋಡಿ. ಕಾಲಿಗೆ ಬಿದ್ದು ಕೇಳಿದ್ದು ಗಡುವನ್ನು. ನಮ್ಮ ಕಡೆಯ ಮಾತಿನಲ್ಲಿ, ‘ವಸಿ ತಡ್ಕಳಿ ಸ್ವಾಮಿ, ಎಲ್ಲಾ ಸೇರಿಸಿ ಕೊಟ್ಬುಡ್ತೀನಿ.’ ಸಂಸ್ಕೃತದ ಲೆಕ್ಕದಲ್ಲಿ ಅವನು ಕೇಳಿದ್ದು ಅಕ್ಷರಶಃ ಕ್ಷಮೆ, ತಾಳ್ಮೆ. ಅರಸ ಕನಿಕರಪಟ್ಟು ಕೊಟ್ಟದ್ದು ಗಡುವಲ್ಲ, ಸಾಲವನ್ನೇ ಬಿಟ್ಟುಬಿಟ್ಟ. ಬೇಡಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಈ ಅಂತರಕ್ಕೆ ಕ್ರೈಸ್ತರು ಇಟ್ಟ ಹೆಸರು ‘ಕೃಪೆ’. ಅದೇ ಸೇವಕ ಹೊರಗೆ ಬಂದು 100 ದಿನಾರಿಯವನ ಕತ್ತು ಹಿಡಿಯುತ್ತಾನೆ. ಆ ಬಡಪಾಯಿಯ ಬಾಯಲ್ಲೂ ಬರುವುದು ಅದೇ ಮಾತು, ‘ವಸಿ ತಡ್ಕಳಿ’. ಇವನು ತಡೆಯಲಿಲ್ಲ. ಅರಸ ಅವನನ್ನು ಮತ್ತೆ ಕರೆಸಿ ಸೆರೆಗೆ ತಳ್ಳಿದ. ಮನ್ನಾ ಆದ ಸಾಲ ಮರಳಿ ತಲೆಗೆ ಬಂದದ್ದು ಇಲ್ಲೊಂದೇ ಕಾರಣಕ್ಕೆ: ಪಡೆದದ್ದನ್ನು ಇನ್ನೊಬ್ಬನಿಗೆ ದಾಟಿಸಲಿಲ್ಲ.

ಸಾಲಮನ್ನಾದ ಹೋಲಿಕೆ ಒಂದು ಹಂತದ ತನಕ ಚೆನ್ನಾಗಿ ನಡೆಯುತ್ತದೆ. ಮನ್ನಾ ಆದ ದುಡ್ಡು ಗಾಳಿಯಲ್ಲಿ ಕರಗುವುದಿಲ್ಲ. ಬ್ಯಾಂಕಿಗೆ ಖಜಾನೆ ಕಟ್ಟಿಕೊಡಬೇಕು. ಕತೆಯಲ್ಲೂ ನಷ್ಟ ಬಿದ್ದದ್ದು ಅರಸನ ಬೊಕ್ಕಸಕ್ಕೆ. ಶಿಲುಬೆ ಎಂದರೆ ಆ ನಷ್ಟವನ್ನು ದೇವರೇ ತಮ್ಮ ಮೈಮೇಲೆ ಹಾಕಿಕೊಂಡದ್ದು ಎನ್ನುವುದು ಕ್ರೈಸ್ತ ನಂಬಿಕೆ. ಕೊಲೊಸ್ಸೆಯವರಿಗೆ ಬರೆದ ಪತ್ರ (2:14) ಇದಕ್ಕೆ ‘ಕೈರೋಗ್ರಫೊನ್’ ಎಂಬ ಪದ ಬಳಸುತ್ತದೆ. ಕೈಬರಹದ ಸಾಲಪತ್ರ, ಅಂದರೆ ನಮ್ಮ ಪ್ರೋನೋಟು. ಅದನ್ನು ಶಿಲುಬೆಗೆ ಮೊಳೆ ಹೊಡೆದು ರದ್ದು ಮಾಡಿದರು ಎಂಬುದು ಅಲ್ಲಿನ ಚಿತ್ರ. ಸಾಲ ತೀರಿಸಿ ಪ್ರೋನೋಟು ವಾಪಸು ಇಸಿದುಕೊಳ್ಳದವರ ಪಾಡು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಬ್ಯಾಂಕಿನ ಸಾಲವಾದರೂ ಅಷ್ಟೆ, ಕಟ್ಟಿದ ಮೇಲೂ ಪಹಣಿಯ 11ನೇ ಕಾಲಂನಲ್ಲಿ ಋಣ ಹಾಗೇ ಕೂತಿದ್ದರೆ ಜಮೀನು ಕಟ್ಟುಬಿಟ್ಟಂತಾಗುವುದಿಲ್ಲ. ಪತ್ರಲೇಖಕ ಹೇಳುತ್ತಿರುವುದು ದಾಖಲೆಯೇ ಉಳಿದಿಲ್ಲ ಎಂದು.

ಹೋಲಿಕೆ ತಪ್ಪುವ ಜಾಗವನ್ನೂ ತೋರಿಸಬೇಕು. ರಾಜ್ಯದ 2018ರ ಬಜೆಟ್ಟಿನ ಬೆಳೆಸಾಲ ಮನ್ನಾಕ್ಕೆ 2 ಲಕ್ಷ ರೂಪಾಯಿಯ ಮಿತಿಯಿತ್ತು, ಅರ್ಹತೆಯ ಷರತ್ತುಗಳಿದ್ದವು. ಅಪೊಸ್ತಲ ಪೌಲ ಹೇಳುವುದು (ರೋಮ 5:8) ಇದಕ್ಕೆ ನೇರ ಎದುರು: ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತ. ಅರ್ಜಿ ಹಾಕುವ ಮೊದಲೇ ಮಂಜೂರಾತಿ. ಇಲ್ಲೇ ಒಂದು ತಪ್ಪು ವಿವರಣೆಯೂ ಸುಳಿದಾಡುತ್ತದೆ. ದೇವರು ಸಿಟ್ಟಾಗಿದ್ದರು, ಯೇಸುವಿನ ರಕ್ತ ನೋಡಿ ಸಮಾಧಾನಗೊಂಡು ಆಮೇಲೆ ಪ್ರೀತಿಸತೊಡಗಿದರು ಎಂದು ಹೇಳುವವರಿದ್ದಾರೆ. ಯೋಹಾನ 3:16ರ ಕ್ರಮ ತಿರುಗುಮುರುಗು: ಲೋಕವನ್ನು ಪ್ರೀತಿಸಿದ್ದರಿಂದ ಮಗನನ್ನು ಕೊಟ್ಟರು. ಪ್ರೀತಿ ಕಾರಣ, ಶಿಲುಬೆ ಫಲ. ಶಿಲುಬೆಯ ಮೇಲೆ ನಡೆದದ್ದು ಹೇಗೆ ಕ್ಷಮೆಯಾಯಿತು ಎಂಬುದಕ್ಕೆ ಎಲ್ಲ ಕ್ರೈಸ್ತ ಸಭೆಗಳೂ (ಪಂಗಡಗಳೂ) ಒಂದೇ ವಿವರಣೆ ಕೊಡುವುದಿಲ್ಲ, ಆದರೆ ಈ ಕ್ರಮದಲ್ಲಿ ಯಾರಿಗೂ ತಕರಾರಿಲ್ಲ.

ಇನ್ನು ‘ಮನ್ನಿಸು’. ಹಳಗನ್ನಡದಲ್ಲಿ ಇದಕ್ಕೆ ಗೌರವಿಸು, ಆದರಿಸು ಎಂಬ ಅರ್ಥ. ‘ಮನ್ನಣೆ’, ‘ರಾಜಮನ್ನಣೆ’ ಇಂದಿಗೂ ಉಳಿದಿವೆ. ಅರಸರ ದರ್ಬಾರಿನಲ್ಲಿ ಖಿಲ್ಲತ್ತು (ಗೌರವದ ಉಡುಪು) ಹೊದಿಸುವುದೂ ಮನ್ನಿಸುವುದೇ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದೂ ಮನ್ನಿಸುವುದೇ. ಗ್ರೀಕ್ ಪದದಲ್ಲಿ ಗೌರವಿಸುವ ಈ ಮುಖವಿಲ್ಲ, ಕನ್ನಡಕ್ಕೆ ಅದು ಪುಕ್ಕಟೆ ಸಿಕ್ಕ ಲಾಭ. ಏಕೆಂದರೆ ಲೂಕನ 15ನೇ ಅಧ್ಯಾಯದಲ್ಲಿ, ದಾರಿ ತಪ್ಪಿದ ಮಗನ ಕತೆಯಲ್ಲಿ, ಎರಡೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ.

ತಂದೆ ಬದುಕಿದ್ದಾಗಲೇ ಪಾಲು ಕೇಳಿ ಇಸಿದುಕೊಂಡು ಹೋದ ಕಿರಿಮಗ ಎಲ್ಲ ಉಡಾಯಿಸಿ, ಹಂದಿ ಮೇಯಿಸಿ, ಹಸಿದು ವಾಪಸಾಗುತ್ತಾನೆ. ದಾರಿಯಲ್ಲೇ ಮಾತು ಕಟ್ಟಿಕೊಂಡಿದ್ದಾನೆ: ಪಾಪ ಮಾಡಿದೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೊ. 19ನೇ ವಚನವನ್ನೂ 21ನೇ ವಚನವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಕೂಲಿಯಾಳಿನ ಮಾತು ಅವನ ಬಾಯಿಂದ ಹೊರಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳನ್ನು ಕೂಗಿ ಶ್ರೇಷ್ಠವಾದ ನಿಲುವಂಗಿ, ಬೆರಳಿಗೆ ಉಂಗುರ, ಕಾಲಿಗೆ ಜೋಡು ತರಿಸುತ್ತಾನೆ. ಮೂರೂ ಮನೆಮಗನ ಗುರುತುಗಳು. ಸಾಲ ಬಿಟ್ಟು ಕಳಿಸಿದ್ದರೆ ಅದು ಮನ್ನಾ. ನಿಲುವಂಗಿ ತೊಡಿಸಿ ಒಳಗೆ ಕರೆದದ್ದು ಮನ್ನಣೆ. ಪಾಲು ಮಾತ್ರ ಮತ್ತೆ ಹುಟ್ಟಲಿಲ್ಲ. ಯೆಹೂದ್ಯರ ಕಟ್ಟಳೆಯಂತೆ (ಧರ್ಮೋಪದೇಶಕಾಂಡ 21:17) ಹಿರಿಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಾದ್ದರಿಂದ ಕಿರಿಯ ಒಯ್ದದ್ದು ಮೂರರಲ್ಲೊಂದು, ಉಳಿದದ್ದೆಲ್ಲ ಅಣ್ಣನದು. ತಮ್ಮ ಬಂದ ಸಂತೋಷಕ್ಕೆ ತಂದೆ ಕೊಯ್ಯಿಸಿದ ಕೊಬ್ಬಿದ ಕರುವೂ ಅವನ ಪಾಲಿನದೇ. ಅಣ್ಣ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತದ್ದಕ್ಕೆ ಹೊಟ್ಟೆಕಿಚ್ಚೊಂದೇ ಕಾರಣವಲ್ಲ. ಪಾಲುಪಟ್ಟಿಯ ಲೆಕ್ಕವೂ ಇದೆ. ಜಮೀನು ಹಂಚಿಕೊಂಡ ಅಣ್ಣತಮ್ಮಂದಿರಿರುವ ಊರಿನಲ್ಲಿ ಅವನ ಕಡೆ ವಕಾಲತ್ತು ವಹಿಸುವವರು ಕಡಿಮೆಯಿರಲಾರರು.

ಬಳಕೆಯಲ್ಲಿ ಹೆಚ್ಚು ಎಡವುವುದು ಎರಡು ಕಡೆ. ಮೊದಲನೆಯದು, ಅನ್ಯಾಯಕ್ಕೆ ಒಳಗಾದವರ ಬಾಯಿ ಮುಚ್ಚಿಸಲು ಈ ಪದವನ್ನು ಎತ್ತುವುದು. ಹೊಡೆಯುವ ಗಂಡನನ್ನು ಕ್ಷಮಿಸು ಎಂದರೆ ಅದೇ ಮನೆಗೆ ಮರಳಿ ಹೋಗು ಎಂದಲ್ಲ, ಪೊಲೀಸರಿಗೆ ದೂರು ಕೊಡಬೇಡ ಎಂದೂ ಅಲ್ಲ. ಕ್ಷಮೆಗೆ ಒಬ್ಬರು ಸಾಕು. ರಾಜಿಗೆ ಇಬ್ಬರೂ ಬೇಕು, ತಪ್ಪಿತಸ್ಥ ತನ್ನ ತಪ್ಪಿನಿಂದ ತಿರುಗಿಕೊಂಡಿರಬೇಕು.

ಎರಡನೆಯದು, ಪಾಪನಿವೇದನೆಯನ್ನು ತೊಳೆದು ಮುಗಿಸುವ ಕೆಲಸವೆಂದು ತಿಳಿಯುವುದು. ಕಥೋಲಿಕರಲ್ಲಿ ‘ಕನ್ಫೆಷನ್’ ಎಂದೇ ಕರೆಯುವ ಈ ಸಂಸ್ಕಾರದಲ್ಲಿ ಆತ್ಮಶೋಧನೆ, ಪಶ್ಚಾತ್ತಾಪ, ಗುರುಗಳ (ಪಾದ್ರಿಗಳ) ಮುಂದೆ ಹೇಳಿಕೊಳ್ಳುವುದು, ಅವರು ಕ್ಷಮೆಯ ಮಾತು ಉಚ್ಚರಿಸುವುದು, ಪ್ರಾಯಶ್ಚಿತ್ತ ಎಲ್ಲವೂ ಸೇರಿವೆ. ಘೋರ ಪಾಪವಿದ್ದರೆ ವರ್ಷಕ್ಕೆ ಒಮ್ಮೆಯಾದರೂ ಹೇಳಿಕೊಳ್ಳಬೇಕೆಂಬುದು ಧರ್ಮಸಭೆಯ ಕಟ್ಟಳೆ. ಗುರುಗಳು ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ. ಪ್ರಾಯಶ್ಚಿತ್ತ ಕ್ಷಮೆಗೆ ಕೊಟ್ಟ ಬೆಲೆಯಲ್ಲ, ಗಾಯ ಮಾಗಿಸುವ ಪಥ್ಯ. ಆದರೆ ಕದ್ದ ವಸ್ತು ಹಿಂದಿರುಗಿಸುವ ಹೊಣೆ ಕ್ಷಮೆ ಸಿಕ್ಕಿದ ಮೇಲೂ ಉಳಿಯುತ್ತದೆ. ಸುಂಕದ ಜಕ್ಕಾಯ (ಲೂಕ 19:8) ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟು, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ. ಯೇಸು ಅವನ ಮನೆಗೆ ಬರುತ್ತೇನೆಂದದ್ದು ಅದಕ್ಕೂ ಮೊದಲು. ಮುಖ ತೋರಿಸಲು ನಾಚಿಕೆಯಿದ್ದವರು ವಸ್ತುವನ್ನೋ ಹಣವನ್ನೋ ಗುರುಗಳ ಕೈಯಲ್ಲೇ ಕಳಿಸಬಹುದು. ಯಾರು ಕೊಟ್ಟರೆಂದು ಅವರು ಹೇಳುವುದಿಲ್ಲ.