ಆಯಿಲ್ ಬದಲಿ ಮಾಡ್ಸಿದಾಗೆಲ್ಲ ಡ್ರೈನ್ ಬೋಲ್ಟಿನ ವೈಸರ್ ಹೊಸದ ಹಾಕಸ್ಬೇಕೇನ್ರಿ?

ಪ್ರಶ್ನೆ: ನಾನು ಪುಣೆದ ಪಿಂಪ್ರಿ ಕಡೆ ಇರ್ತೀನ್ರಿ, ಊರು ವಿಜಯಪುರ. ಕಾರಿನ ಆಯಿಲ್ ಬದಲಿ ಮಾಡೂಮುಂದ ಡ್ರೈನ್ ಬೋಲ್ಟಿಗೆ (ಹಳೇ ಆಯಿಲ್ ಇಳಸಾಕ ಇಂಜಿನ್ ತಳಕ್ಕ ಇರೂ ಬೋಲ್ಟು) ಹೊಸ ವೈಸರ್, ಅಂದ್ರ ವಾಷರ್, ಹಾಕಪ್ಪಾ ಅಂದ್ರ ಮೆಕ್ಯಾನಿಕ್ "ಚಾಲೇಲ್ ಸಾಹೇಬ್" ಅಂತ ಹಳೇದ್ನ ಹಾಕಿ ಕಳಸ್ತಾನ. ಖರೇನ ನಡೀತದೇನ್ರಿ?

ಉತ್ತರ: ನಡೀತದ, ಒಂದೆರಡು ಸಲ. ಆದ್ರೂ ನಾ ಅಂತೂ ಪ್ರತಿ ಸಲ ಹೊಸದ ಹಾಕಸ್ತೀನಿ, ಯಾಕಂದ್ರ ಅದರ ರೊಕ್ಕ ಒಂದ್ ಪ್ಲೇಟ್ ಮಿಸಳ್‌ಗಿಂತ ಕಡಿಮಿ.

ವೈಸರ್ ಮೆತ್ತನ ಲೋಹದ್ದು, ತಾಮ್ರ ಇಲ್ಲಾ ಅಲ್ಯುಮಿನಿಯಂ. ಬೋಲ್ಟ್ ಬಿಗಿ ಮಾಡಿದಾಗ ತಾನ ಚಪ್ಪಟಿ ಆಗಿ ಬೋಲ್ಟಿನ ತಲಿಗೂ ಚೇಂಬರಿಗೂ (ಇಂಜಿನ್ ತಳದಾಗ ಆಯಿಲ್ ನಿಲ್ಲೂ ಡಬ್ಬಿ) ನಡುವಿನ ಕಣ್ಣಿಗೆ ಕಾಣದ ಗೀರು ತಗ್ಗು ಎಲ್ಲಾ ತುಂಬ್ತದ, ಆಯಿಲ್ ತಡಿಯೂದು ಅದನ, ಥ್ರೆಡ್ ಅಲ್ಲ. (ಥ್ರೆಡ್ಡಿಗೆ ನಳದ ಟೆಫ್ಲಾನ್ ಟೇಪ್ ಸುತ್ತೋರನ್ನ ನೋಡೀನಿ, ಹಂಗ ಮಾಡಬ್ಯಾಡ್ರಿ, ಅದರ ಚೂರು ಒಳಗ ಹೋಗಿ ಆಯಿಲ್ ಪಂಪಿನ ಜಾಳಿಗೆ ಸಿಕ್ಕೋಬಹುದು.) ಆದ್ರ ಒಮ್ಮೆ ಒತ್ತಿದ ಲೋಹ ಗಟ್ಟಿ ಆಗಿಬಿಡ್ತದ, ಮುಂದಿನ ಸಲ ಅಷ್ಟ ಬಿಗಿಗೆ ಸರಿಯಾಗಿ ಕೂಡಂಗಿಲ್ಲ, ಸಣ್ಣಗೆ ಜಿನಗ್ತದ.

ಜಿನಗಿದ್ರ ಏನ್ ಮಹಾ ಅಂತೀರಿ? ಮಹಾ ಇರೂದು ಮುಂದಿನ ಕೆಲಸದಾಗ. ಹನಿ ಕಂಡ ಕೂಡ್ಲೆ ಹುಡುಗ ಪಾನಾಕ್ಕ ಪೈಪ್ ಸಿಗಿಸಿ ಇನ್ನೊಂದ್ ಜಗ್ಗು ಜಗ್ತಾನ. ಬೋಲ್ಟ್ ಸ್ಟೀಲಿಂದು, ಚೇಂಬರ್ ಭಾಳ ಗಾಡಿಯೊಳಗ ಅಲ್ಯುಮಿನಿಯಂ, ಯಾವುದು ಸೋಲ್ತದ ಹೇಳ್ರಿ. ನಮ್ಮಂಥ ಸಣ್ಣ ಕಾರಿನ ಬೋಲ್ಟಿಗೆ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ ಸಾಕು, ಅಂದ್ರ 25 ಸೆಂಟಿಮೀಟರ್ ಪಾನಾದ ತುದಿಗೆ ಸುಮಾರು 14 ಕಿಲೋ ಭಾರ ಹಾಕಿದಷ್ಟ, ಖರೇ ಅಂಕಿ ನಿಮ್ಮ ಗಾಡಿ ಮ್ಯಾನ್ಯುಯಲ್‌ದಾಗ ನೋಡ್ರಿ. ನನ್ನ ಗಾಡಿಗೆ ಒಂದ್ ಗ್ಯಾರೇಜಿನ್ಯಾಗ ಹಿಂಗ ಮೂರ್ನಾಲ್ಕು ಸಲ ಹಳೇ ವೈಸರಿಗೇ ಜಗ್ಗಿ ಜಗ್ಗಿ ಕಡೀಕ "ಆಟೇ ಗೇಲೇ" (ಥ್ರೆಡ್ ಹೋದ್ವು) ಅಂದ್ರು, ಥ್ರೆಡ್ ಸಮೇತ ಬೋಲ್ಟ್ ಹೊರಗ ಬಂದಿತ್ತು, ಹೊಸಾ ಥ್ರೆಡ್ ಕೂಡ್ಸಾಕ ಕೊಟ್ಟ ರೊಕ್ಕದಾಗ ಜೀವಮಾನಕ್ಕಾಗೂವಷ್ಟು ವೈಸರ್ ಬರ್ತಿದ್ವು.

ತಾಮ್ರದ್ದಾದ್ರ ಒಂದ್ ಜುಗಾಡ್ ಅದ, ಗ್ಯಾಸಿನ ಉರಿಗೆ ಹಿಡಿದು ಕೆಂಪಗ ಕಾಸಿ ಆರಿಸಿದ್ರ ಮತ್ತ ಮೆತ್ತಗಾಗ್ತದ. ಅಲ್ಯುಮಿನಿಯಂ ಜೋಡಿ ಈ ಆಟ ಆಡಬ್ಯಾಡ್ರಿ, ಅದು ಕೆಂಪಗಾಗೂಕಿಂತ ಮೊದಲ ಕರಗಿ ಹೋಗ್ತದ.

ಬೋಲ್ಟ್ ಮಾತ್ರ ಪ್ರತಿ ಸಲ ಬದಲಿ ಮಾಡಬೇಕಾಗಿಲ್ಲ, ತಲಿ ಸವದು ಪಾನಾ ಜಾರಕತ್ತಿದ್ರ ಇಲ್ಲಾ ಥ್ರೆಡ್ ಕೆಟ್ಟಿದ್ರ ಸಾಕು. ಆದ್ರ ಫೋಕ್ಸ್‌ವ್ಯಾಗನ್, ಸ್ಕೋಡಾದ ಭಾಳ ಗಾಡಿಯೊಳಗ ವೈಸರ್ ಬೋಲ್ಟಿಗೇ ಸೇರಿರ್ತದ, ಬಿಚ್ಚಾಕ ಬರಂಗಿಲ್ಲ, ಅಲ್ಲಿ ಪೂರಾ ಬೋಲ್ಟ್ ಹೊಸದು.

ಮತ್ತ ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಸುದ್ದಾ ನೋಡ್ಕೋರಿ. ಹಳೇ ರಿಂಗ್ ಒಮ್ಮೊಮ್ಮೆ ಇಂಜಿನ್ನಿಗೇ ಅಂಟಿ ಉಳೀತದ, ಅದರ ಮ್ಯಾಲ ಹೊಸ ಫಿಲ್ಟರ್ ಕೂಡಿಸಿದ್ರ ಎರಡು ರಿಂಗ್ ಆಗಿ, ಗಾಡಿ ಚಾಲೂ ಮಾಡಿದ ಮ್ಯಾಲ ಪ್ರೆಶರಿಗೆ ಆಯಿಲ್ ಬುಳುಬುಳು ಹೊರಗ ಬರ್ತದ. ಬೋಲ್ಟಿನ ಹನಿಗಿಂತ ಇದಕ್ಕ ನಾ ಜಾಸ್ತಿ ಅಂಜ್ತೀನಿ, ಪುಣೆ-ಸಾತಾರಾ ರಸ್ತೆದ ಖಂಬಾಟ್ಕಿ ಘಾಟಿನ್ಯಾಗ ಆಯಿಲ್ ಲೈಟ್ ಹತ್ತಿದ್ರ ಏನ್ ಮಾಡ್ತೀರಿ?

ವೈಸರ್ ತರಾಕ ಪುಣೆದ ನಾನಾ ಪೇಠಕ್ಕ (ಗಾಡಿ ಸಾಮಾನಿನ ಪ್ಯಾಟಿ) ಹೋಗೋದಾದ್ರ ಹಳೇದ್ನ ಕಿಸೆದಾಗ ಇಟ್ಕೊಂಡ ಹೋಗ್ರಿ, 12, 14, 16 ಮಿಲಿಮೀಟರ್ ಹಿಂಗ ಬ್ಯಾರೆ ಬ್ಯಾರೆ ಅಳತಿ ಇರ್ತಾವು. ನಾಕು ತಂದು ಡಿಕ್ಕಿಯೊಳಗ ಇಟ್ಟಬಿಡ್ರಿ, ಕೈಗೇ ಕೊಟ್ರ ಯಾವ ಮೆಕ್ಯಾನಿಕ್ಕೂ ಒಲ್ಲೆ ಅನ್ನಂಗಿಲ್ಲ. ಅವತ್ತು ರಾತ್ರಿ ಪಾರ್ಕಿಂಗಿನ್ಯಾಗ ಇಂಜಿನ್ ಕೆಳಗ ಒಂದ್ ರಟ್ಟು ಹಾಸಿ, ಮುಂಜಾನೆ ಎದ್ದು ನೋಡ್ರಿ.