ಚಿತ್ರದಲ್ಲಿ ಮನೆಗಳು ಯಾಕೆ ವಾಲುತ್ತವೆ? ಸ್ಟ್ರೀಟ್ ವ್ಯೂನಲ್ಲಿ ಫೋಟೋ ತೆಗೆಯಲು ಕಲಿಯುವವರಿಗೆ

ಒಂದು ತಿಂಗಳಿಂದ ರಾತ್ರಿ ಹೊತ್ತು ಅಜ್ಜಿಯ ಮಂಚದ ಪಕ್ಕ ಕೂತು ಗೂಗಲ್ ಸ್ಟ್ರೀಟ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಹೊತ್ತ ಕಾರು ತೆಗೆದ ರಸ್ತೆಗಳ ಚಿತ್ರಗಳಲ್ಲಿ, ಊರೂರು ತಿರುಗುತ್ತಿದ್ದೇನೆ. ಸುಮ್ನೆ ತಿರುಗುವುದಲ್ಲ, ಫೋಟೋ ತೆಗೆಯುತ್ತಿದ್ದೇನೆ. ರಸ್ತೆಯಲ್ಲಿ ಒಂದು ಕಡೆ ನಿಂತು, ನೋಟ ಹೊಂದಿಸಿ, ಸ್ಕ್ರೀನ್‌ಶಾಟ್ ತೆಗೆದು, ಅಂಚು ಕತ್ತರಿಸಿ ಒಂದು ಚಿತ್ರ ಮಾಡುವುದು. ಇದರ ಹುಚ್ಚು ಹತ್ತಿಸಿದ್ದು ಜ್ಯಾಕಿ ಕೆನ್ನಿ ಅವರ ಚಿತ್ರಗಳು. ನ್ಯೂಜಿಲೆಂಡ್ ಮೂಲದ ಇವರು ಲಂಡನ್ನಿನಲ್ಲಿದ್ದಾಗ ಅಗೋರಾಫೋಬಿಯಾದಿಂದ, ಅಂದರೆ ಮನೆಯಿಂದ ದೂರ ಹೋಗಲು ಆಗದಂಥ ಭಯದಿಂದ, ಬಳಲುತ್ತಿದ್ದರು. ಕೂತಲ್ಲಿಂದಲೇ ಮಂಗೋಲಿಯ, ಸೆನೆಗಲ್, ಪೆರು, ಚಿಲಿಯ ರಸ್ತೆಗಳನ್ನು ಸುತ್ತಿ ಸ್ಕ್ರೀನ್‌ಶಾಟ್ ತೆಗೆದರು. 2017ರಲ್ಲಿ ನ್ಯೂಯಾರ್ಕ್‌ನಲ್ಲಿ ಆ ಚಿತ್ರಗಳ ಪ್ರದರ್ಶನವೇ ಆಯಿತು. ಬಿಸಿಲು, ಖಾಲಿ ಗೋಡೆ, ಒಂದೇ ಒಂದು ಗಿಡ. ಅಷ್ಟರಲ್ಲೇ ಎಷ್ಟು ಚೆಂದ!

ನಾನು ತೆಗೆದದ್ದು ಹಾಗೆ ಬರಲಿಲ್ಲ. ಯಾಕೆ ಅಂತ ಗೊತ್ತಾಗಲು ಮೂರು ವಾರ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ವಿಳಾಸದಲ್ಲಿರುವ ಮೂರು ಸಂಖ್ಯೆ

ಕಂಪ್ಯೂಟರಿನ ಬ್ರೌಸರಿನಲ್ಲಿ ಸ್ಟ್ರೀಟ್ ವ್ಯೂ ತೆರೆದು ಮೇಲಿನ ವಿಳಾಸ ನೋಡಿ. ಅಕ್ಷಾಂಶ, ರೇಖಾಂಶ ಆದ ಮೇಲೆ ಕೆಲವು ಸಂಖ್ಯೆಗಳಿವೆ. ವೈ (y) ಅಕ್ಷರಕ್ಕಿಂತ ಮೊದಲು ಬರುವುದು ನೋಟ ಎಷ್ಟು ಅಗಲ ಎಂಬುದು. ಹೆಚ್ (h) ಅಕ್ಷರಕ್ಕಿಂತ ಮೊದಲು ಬರುವುದು ದಿಕ್ಕು: 0 ಉತ್ತರ, 90 ಪೂರ್ವ, 180 ದಕ್ಷಿಣ, 270 ಪಶ್ಚಿಮ. ಟಿ (t) ಅಕ್ಷರಕ್ಕಿಂತ ಮೊದಲು ಬರುವುದು ತಲೆ ಎತ್ತಿದ್ದೀರೋ ತಗ್ಗಿಸಿದ್ದೀರೋ ಎಂಬುದು. ಇಲ್ಲಿ ನೇರ ನೋಟಕ್ಕೆ 0 ಅಲ್ಲ, 90. ಅದಕ್ಕಿಂತ ಜಾಸ್ತಿಯಾದರೆ ಮೇಲೆ, ಕಡಿಮೆಯಾದರೆ ಕೆಳಗೆ. ಮೌಸಿನಲ್ಲಿ ಎಳೆದಾಡುವುದಕ್ಕಿಂತ ಈ ಸಂಖ್ಯೆಗಳನ್ನೇ ನೋಡುವುದು ಒಳ್ಳೆಯದು.

ಝೂಮ್ ಮಾಡಿದರೆ ಹತ್ತಿರ ಹೋದಂತಲ್ಲ. ಅದು ಅದೇ ಚಿತ್ರದ ಒಂದು ತುಂಡನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಮುಂದಿನ ಕಂಬ ಹಿಂದಿನ ಬಾಗಿಲನ್ನು ಮುಚ್ಚಿದ್ದರೆ ಬಾಣದ ಗುರುತು ಒತ್ತಿ ಒಂದು ಹೆಜ್ಜೆ ಹಿಂದೆ ಅಥವಾ ಮುಂದೆ ಹೋಗಬೇಕು. ಬೇರೆ ದಾರಿ ಇಲ್ಲ.

ವಾಲುವ ಗೋಡೆ

ನಾನು ಸಿಕ್ಕಿಬಿದ್ದದ್ದು ಇಲ್ಲೇ. ಚಿಲಿಯ ಅಟಕಾಮ ಮರುಭೂಮಿಯ ಕೋಪಿಯಾಪೋ ಪಟ್ಟಣದಲ್ಲಿ ಒಂದು ಚಿಕ್ಕ ಹಳದಿ ಮನೆ ಸಿಕ್ಕಿತು. ರಸ್ತೆ ಜಾಸ್ತಿ ಕಾಣುತ್ತಿತ್ತು, ಆಕಾಶ ಕಡಿಮೆ. ನೋಟವನ್ನು ಸ್ವಲ್ಪ ಮೇಲಕ್ಕೆತ್ತಿದೆ, ಟಿ ಸಂಖ್ಯೆ 105 ಆಯಿತು. ಚಿತ್ರ ತೆಗೆದು ಅಜ್ಜಿಗೆ ತೋರಿಸಿದೆ. "ಎಂತ ಮಗಾ ಇದು, ಮನೆ ಹಿಂದಕ್ಕೆ ಬೀಳೋ ಹಾಗೆ ಕಾಣ್ತದಲ್ಲ?" ಅಂದರು. ಹೌದು, ಎರಡೂ ಬದಿಯ ಗೋಡೆ ಒಳಕ್ಕೆ ವಾಲಿದ್ದವು. ಪಕ್ಕದ ದೀಪದ ಕಂಬವೂ ವಾಲಿತ್ತು.

ಮೊದಲು ಕ್ಯಾಮೆರಾದ ತಪ್ಪು ಅಂದುಕೊಂಡೆ. ಆಮೇಲೆ ರಸ್ತೆ ಇಳಿಜಾರು ಅಂದುಕೊಂಡೆ. ಎರಡೂ ಅಲ್ಲ.

ಹೀಗೆ ಯೋಚಿಸಿ. ಕಿಟಕಿಯ ಮುಂದೆ ನಿಂತಿದ್ದೀರಿ, ಎದುರಿಗೆ ಎರಡು ಅಡಿಕೆ ಮರ. ಕಿಟಕಿಯ ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ಮರಗಳು ಕಂಡ ಹಾಗೆ ಗೆರೆ ಎಳೆಯಿರಿ. ಗಾಜು ನೆಟ್ಟಗೆ ನಿಂತಿದೆ, ಮರವೂ ನೆಟ್ಟಗಿದೆ. ಎರಡು ಗೆರೆಯೂ ನೆಟ್ಟಗೆ, ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಈಗ ಆ ಗಾಜನ್ನು ಬಿಚ್ಚಿ, ಮೇಲಿನ ಅಂಚು ನಿಮ್ಮ ಕಡೆ ಬರುವಂತೆ ವಾಲಿಸಿ ಹಿಡಿಯಿರಿ. ಮರದ ತುದಿ ನೋಡಲು ತಲೆ ಎತ್ತಿದಾಗ ಗಾಜೂ ನಿಮ್ಮ ಮುಖದ ಜೊತೆ ಹಾಗೇ ತಿರುಗಿದೆ ಅಂದುಕೊಳ್ಳಿ. ಮತ್ತೆ ಗೆರೆ ಎಳೆದರೆ ಎರಡು ಮರವೂ ಮೇಲೆ ಹೋದ ಹಾಗೆ ಹತ್ತಿರ ಬರುತ್ತವೆ. ಮರ ಬದಲಾಗಿಲ್ಲ, ನಿಮ್ಮ ಕಣ್ಣಿನ ಜಾಗವೂ ಬದಲಾಗಿಲ್ಲ. ಗಾಜು ಮಾತ್ರ ವಾಲಿದೆ.

ಸ್ಟ್ರೀಟ್ ವ್ಯೂ ಚಿತ್ರ ನಿಜವಾಗಿ ಒಂದು ದೊಡ್ಡ ಚೆಂಡಿನ ಒಳಮೈಗೆ ಅಂಟಿಸಿದ ಹಾಗೆ ಇರುತ್ತದೆ. ಸುತ್ತಲೂ 360 ಡಿಗ್ರಿ, ಪಾದದಿಂದ ನೆತ್ತಿಯವರೆಗೆ 180 ಡಿಗ್ರಿ. ನಾವು ಚೆಂಡಿನ ನಡುವೆ ಕೂತು ನೋಡುತ್ತೇವೆ. ಆದರೆ ನಮ್ಮ ಸ್ಕ್ರೀನ್ ಚಪ್ಪಟೆ. ಹಾಗಾಗಿ ನೋಡುವ ದಿಕ್ಕಿನಲ್ಲಿ ಚೆಂಡಿಗೆ ತಾಗುವಂತೆ ಒಂದು ಚಪ್ಪಟೆ ಗಾಜು ಇಟ್ಟು ಚಿತ್ರವನ್ನು ಅದರ ಮೇಲೆ ಇಳಿಸುತ್ತಾರೆ. ಟಿ ಸಂಖ್ಯೆ 90 ಇದ್ದಾಗ ಗಾಜು ನೆಟ್ಟಗೆ ನಿಂತಿರುತ್ತದೆ, ಊರಿನ ಗೋಡೆಗಳ ಹಾಗೆ. ಆಗ ಮಾತ್ರ ಗೋಡೆಗಳು ಚಿತ್ರದಲ್ಲೂ ನೆಟ್ಟಗೆ ಬರುತ್ತವೆ. 105 ಆದರೆ ಗಾಜು 15 ಡಿಗ್ರಿ ವಾಲಿತು, ಗೋಡೆಗಳು ಒಳಕ್ಕೆ ಬಂದವು. 75 ಆದರೆ ಉಲ್ಟಾ, ಗೋಡೆಗಳು ಮೇಲೆ ಹೋದ ಹಾಗೆ ಹೊರಕ್ಕೆ ಚಾಚುತ್ತವೆ.

ಹಾಗಾದರೆ ಆಕಾಶ ಜಾಸ್ತಿ ಬೇಕಾದರೆ ಏನು ಮಾಡಬೇಕು? ತಲೆ ಎತ್ತಬಾರದು. ಟಿ ಸಂಖ್ಯೆ 90ರಲ್ಲೇ ಇರಲಿ. ನೋಟ ಅಗಲ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ಕೆಳಗಿನ ಭಾಗ ಕತ್ತರಿಸಿ. ಇಷ್ಟೇ! ದೊಡ್ಡ ಗಾಜನ್ನು ನೆಟ್ಟಗೇ ಇಟ್ಟುಕೊಂಡು ಅದರ ಮೇಲಿನ ಭಾಗ ಮಾತ್ರ ಉಳಿಸಿಕೊಂಡ ಹಾಗೆ. ಕಟ್ಟಡಗಳ ಫೋಟೋ ತೆಗೆಯುವವರು ದುಬಾರಿ ಶಿಫ್ಟ್ ಲೆನ್ಸಿನಲ್ಲಿ ಮಾಡುವುದೂ ಇದೇ ಕೆಲಸ.

ಲೆಕ್ಕ ಹೀಗಿದೆ. ಸ್ಕ್ರೀನ್ 1920 ಗುಣಿಸು 1080 ಪಿಕ್ಸೆಲ್ ಇದ್ದರೆ, ಟಿ 90ರಲ್ಲಿ ದಿಗಂತ ಸರಿಯಾಗಿ ನಡುವೆ, ಅಂದರೆ ಮೇಲಿನಿಂದ 540ನೇ ಸಾಲಿನಲ್ಲಿ ಇರುತ್ತದೆ. ದಿಗಂತ ಚಿತ್ರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬರಬೇಕಾ? ಆ 540 ಸಾಲು ಚಿತ್ರದ ಎತ್ತರದ ಮೂರನೇ ಎರಡು ಭಾಗ ಆಗಬೇಕು. ಎತ್ತರ 810. ಮೂರಕ್ಕೆ ಎರಡರ ಅಳತೆಯ ಚಿತ್ರವಾದರೆ ಅಗಲ 1215. ಕೆಳಗಿನ 270 ಸಾಲು ಹೋಯಿತು. ಬದಿಗಳನ್ನು ಎರಡೂ ಕಡೆ ಸಮವಾಗಿ ಕತ್ತರಿಸಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅಗಲ ನೋಟದಲ್ಲಿ ಅಂಚಿನ ವಸ್ತುಗಳು ಎಳೆದ ಹಾಗೆ ಕಾಣುತ್ತವೆ. ನಾನು ಈ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಸ್ಕ್ರೀನಿಗೆ ಅಂಟಿಸಿಕೊಂಡಿದ್ದೇನೆ.

ಕೆಳಭಾಗ ಕತ್ತರಿಸುವುದರಿಂದ ಇನ್ನೊಂದು ಲಾಭ: ಕಾರೂ ಹೋಗುತ್ತದೆ. ಮಂಗೋಲಿಯದ ಚಿತ್ರಗಳಲ್ಲಿ ಕಾರಿನ ಮೇಲೆ ಕಟ್ಟಿದ ಸಾಮಾನು ಕಾಣುತ್ತದೆ. ಕೀನ್ಯಾದಲ್ಲಿ ಕಾರಿನ ಮುಂದಿನ ಕಪ್ಪು ಕೊಳವೆ ಕಾಣುತ್ತದೆ. ಯಾವ ದೇಶ ಅಂತ ಗುರುತಿಸುವ ಆಟ ಆಡುವವರಿಗೆ ಅವು ಬೇಕು. ನಮಗೆ ಬೇಡ.

ಕ್ಯಾಮೆರಾ ನಮಗಿಂತ ಎತ್ತರ

ಕಾರಿನ ಕ್ಯಾಮೆರಾ ನಮ್ಮ ಕಣ್ಣಿಗಿಂತ ಮೇಲಿರುತ್ತದೆ. ಜಪಾನಿನಲ್ಲಿ ಮನೆಗಳ ಕಾಂಪೌಂಡಿನ ಒಳಗೆಲ್ಲ ಕಾಣುತ್ತದೆ ಎಂದು ಜನ ದೂರಿದ್ದರಿಂದ 2009ರಲ್ಲಿ ಗೂಗಲ್ ಅಲ್ಲಿ ಕ್ಯಾಮೆರಾವನ್ನು 40 ಸೆಂಟಿಮೀಟರ್ ಇಳಿಸಿತು. ಸಮತಟ್ಟು ನೆಲದಲ್ಲಿ ದಿಗಂತದ ಗೆರೆ ಎಲ್ಲ ವಸ್ತುಗಳನ್ನೂ ಕ್ಯಾಮೆರಾದ ಎತ್ತರದಲ್ಲೇ ದಾಟುತ್ತದೆ. ಹಾಗಾಗಿ ನಿಂತಿರುವ ಮನುಷ್ಯರ ತಲೆ ಯಾವಾಗಲೂ ಆ ಗೆರೆಯ ಕೆಳಗೆ. ಜನರೇ ಮುಖ್ಯವಾದ ಚಿತ್ರಕ್ಕೆ ಕೆಳಗೆ ಕತ್ತರಿಸುವ ಮೊದಲು ಪಾದ ಉಳಿಯುತ್ತದಾ ನೋಡಿಕೊಳ್ಳಿ. ದೂರದವರಾದರೆ ಉಳಿಯುತ್ತದೆ.

ಬಿಸಿಲು ಯಾವ ಕಡೆಯಿಂದ

ಚಿತ್ರದ ತಿಂಗಳು, ವರ್ಷ ಸಿಗುತ್ತದೆ. ಗಂಟೆ ಸಿಗುವುದಿಲ್ಲ. ನೆರಳೇ ಗಡಿಯಾರ. ನೆರಳು ಪಶ್ಚಿಮಕ್ಕೆ ಬಿದ್ದಿದ್ದರೆ ಬೆಳಿಗ್ಗೆ, ಪೂರ್ವಕ್ಕಾದರೆ ಸಂಜೆ. ಇದು ಎಲ್ಲಾ ಕಡೆ ಒಂದೇ.

ಮಧ್ಯಾಹ್ನ ಮಾತ್ರ ಮೋಸ ಹೋಗುತ್ತೇವೆ. ಮಂಗೋಲಿಯದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ. ಅಲ್ಲಿನ ಗೇರ್ ಎಂಬ ದುಂಡನೆಯ ಡೇರೆಮನೆಗಳ ಬಾಗಿಲೂ ವಾಡಿಕೆಯಲ್ಲಿ ದಕ್ಷಿಣಕ್ಕೇ ಇರುತ್ತದೆ. ಬಣ್ಣದ ಬಾಗಿಲು ಕಾಣುವಂತೆ ತೆಗೆದರೆ ನೀವು ಉತ್ತರಕ್ಕೆ ಮುಖ ಮಾಡಿದ್ದೀರಿ, ಬಿಸಿಲು ನಿಮ್ಮ ಬೆನ್ನಿಗಿದೆ. ಹೆಚ್ ಸಂಖ್ಯೆ 0ರ ಆಸುಪಾಸು. ಕೋಪಿಯಾಪೋ ಭೂಮಿಯ ದಕ್ಷಿಣಾರ್ಧದಲ್ಲಿದೆ. ಅಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿ, ಹಾಗಾಗಿ ಬೆಳಗಿದ ಗೋಡೆ ಬೇಕಾದರೆ ಹೆಚ್ 180ರ ಕಡೆ ತಿರುಗಬೇಕು. ನಮಗೆ ಇದು ಅಷ್ಟು ಹೊಸದಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಶೂನ್ಯ ನೆರಳಿನ ದಿನದಿಂದ (ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುವ ದಿನ) ಆಗಸ್ಟಿನ ಶೂನ್ಯ ನೆರಳಿನ ದಿನದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನಲ್ವಾ?

ನಮ್ಮ ಊರಿನ ರಸ್ತೆ

2011ರಲ್ಲಿ ಬೆಂಗಳೂರಿನಲ್ಲಿ ಗೂಗಲ್ ಕಾರು ಓಡಾಡಲು ಶುರು ಮಾಡಿ, ಪೊಲೀಸರ ಆಕ್ಷೇಪದಿಂದ ನಿಂತುಹೋಯಿತು. 2022ರ ಜುಲೈನಲ್ಲಿ ಜೆನೆಸಿಸ್, ಟೆಕ್ ಮಹೀಂದ್ರ ಕಂಪನಿಗಳು ತೆಗೆದ ಚಿತ್ರಗಳೊಂದಿಗೆ ಬೆಂಗಳೂರೂ ಸೇರಿ 10 ಊರುಗಳಲ್ಲಿ ಮತ್ತೆ ಬಂತು. ಹಾಗಾಗಿ ಬೇರೆ ದೇಶಗಳಲ್ಲಿ ಸಿಗುವಂತೆ ಹತ್ತು ಹದಿನೈದು ವರ್ಷ ಹಿಂದಿನ ಅದೇ ಬೀದಿಯನ್ನು ಇಲ್ಲಿ ಹುಡುಕಲು ಹೋಗಬೇಡಿ.

ಅಜ್ಜಿಯ ಬೀದಿಯನ್ನು ನಾನೇ ಮ್ಯಾಪಿಲರಿ ಎಂಬ ಬೀದಿ ಚಿತ್ರಗಳ ತಾಣದಲ್ಲಿ ಹಾಕುತ್ತಿದ್ದೇನೆ. ಫೋನಿನಲ್ಲಿ ತೆಗೆದು ಯಾರು ಬೇಕಾದರೂ ಅಲ್ಲಿ ಸೇರಿಸಬಹುದು. ಮುಖ, ಗಾಡಿಯ ನಂಬರ್ ಪ್ಲೇಟು ತಾನಾಗೇ ಮಸುಕಾಗುತ್ತವೆ. ಇಲ್ಲೂ ಅದೇ ನಿಯಮ: ಫೋನ್ ನೆಟ್ಟಗೆ ಹಿಡಿಯಬೇಕು, ವಾಲಿಸಬಾರದು.

ಮೊದಲ ದಿನದ ಚಿತ್ರ ನೋಡಿದರೆ ಮೂರನೇ ಮನೆಯ ಗೋಡೆ ವಾಲಿತ್ತು. ಮತ್ತೆ ತಪ್ಪು ಮಾಡಿದೆ ಅಂತ ಬೇಜಾರಾಯಿತು. ಆಮೇಲೆ ಪಕ್ಕದ ಕರೆಂಟ್ ಕಂಬ, ಗೇಟು, ಎದುರಿನ ಬಾಗಿಲು ಎಲ್ಲ ನೋಡಿದೆ. ಎಲ್ಲವೂ ನೆಟ್ಟಗಿದ್ದವು. ಕ್ಯಾಮೆರಾ ವಾಲಿದ್ದರೆ ಅವೂ ವಾಲಬೇಕಿತ್ತು. ಅಜ್ಜಿಗೆ ತೋರಿಸಿದೆ. "ಅದು ಹಾಗೇ ಮಗಾ, ಆ ವರ್ಷದ ಮಳೆಗೆ ಕುಸಿದಿದ್ದು" ಅಂದರು.