ಹೊರಬಾಗಿಲ ಚೌಕಟ್ಟು: ಮರದ ಹೆಸರಿಗಿಂತ ಕೊಯ್ದ ತುದಿ ನೋಡಿ

ಮಳೆಗಾಲದಲ್ಲಿ ಗೋವಾದ ವಾಸ್ಕೋದಲ್ಲಿ ಒಂದು ಮನೆಗೆ ಹೋಗಿದ್ದೆ. ಗದಗ ಕಡೆಯ ಕುಟುಂಬ. ಹೊರಬಾಗಿಲು ಹಾಕೋಕೇ ಬರ್ತಿರಲಿಲ್ಲ. ಚೌಕಟ್ಟಿನ ಎಡಗಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಚಹಾದಲ್ಲಿ ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಎರಡು ಇಂಚು ಒಳಗೆ ಇಳಿಯಿತು.

“ಸಾಗವಾನಿ ಅಂತ ಹೇಳೇ ಕೊಟ್ಟಿದ್ರಲ್ರೀ ಅಣ್ಣಾ” ಎಂದರು ಮನೆಯ ಅಕ್ಕ. ಕಣ್ಣಲ್ಲಿ ನೀರಿತ್ತು. ಕೊಟ್ಟಿದ್ದು ಸಾಗವಾನಿಯೇ. ಆದರೆ ಎಳೆ ಮರದ ಬಿಳಿ ಭಾಗ.

ಸಾಗವಾನಿಗೆ ಗೆದ್ದಲು ಹತ್ತಲ್ಲ ಅನ್ನೋ ಮಾತು ಅದರ ಕೆಚ್ಚಿಗೆ, ಅಂದರೆ ಒಳಗಿನ ಕಂದು ಭಾಗಕ್ಕೆ ಮಾತ್ರ ಸಲ್ಲುತ್ತದೆ. ಹುಳ, ಬೂಷ್ಟು ತಡೆಯುವ ಗುಣ ಇರುವುದು ಅಲ್ಲಿ. ತೊಗಟೆಯ ಪಕ್ಕದ ಬಿಳಿ ಮರಕ್ಕೆ ಆ ಶಕ್ತಿ ಇಲ್ಲ. ಅದಕ್ಕೇ ಮರದ ಅಂಗಡಿಯಲ್ಲಿ ಉದ್ದದ ಮುಖ ನೋಡಿ ಮರುಳಾಗಬೇಡಿ. ಕೊಯ್ದ ತುದಿಗೆ ಸ್ವಲ್ಪ ನೀರು ಸವರಿ. ಕೆಚ್ಚು ಕಂದು ಬಣ್ಣದಲ್ಲಿ ಎದ್ದು ಕಾಣುತ್ತದೆ, ಬಿಳಿ ಮೂಲೆ ಬೇರೆಯೇ ಕಾಣುತ್ತದೆ. ಮರದ ನಟ್ಟನಡುವಿನ ಚುಕ್ಕೆ ತುಂಡಿನೊಳಗೇ ಇದ್ದರೂ ಬೇಡ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಪಾಲಿಶ್ ಹೊಡೆದ ತುಂಡು ತೋರಿಸಿದರೆ ನಾನಂತೂ ತಗೊಳ್ಳಲ್ಲ.

ಬಜೆಟ್ ಕಮ್ಮಿ ಇದ್ದರೆ? ಮತ್ತಿ ಮರ ಇದೆ. ಗಟ್ಟಿ, ಭಾರ, ಚೌಕಟ್ಟಿಗೆ ಸರಿ. ಆದರೆ ಒಣಗುವಾಗ ಸೀಳುತ್ತದೆ, ಅವಸರ ಮಾಡುವಂತಿಲ್ಲ. ಸಾಲ್ ಮರ ಕೂಡ ಗಟ್ಟಿ, ಹಸಿ ಇದ್ದರೆ ತಿರುಚುತ್ತದೆ. ನನ್ನ ಮನಸ್ಸು ಹೆಬ್ಬಲಸಿನ ಕಡೆ. ಹಿಂದಿನವರು ದೋಣಿ ಕಟ್ಟುತ್ತಿದ್ದ ಮರ ಅದು, ನೀರಿಗೆ ಹೆದರಲ್ಲ. ಹಳೇ ಹಲಸಿನ ಕೆಚ್ಚೂ ಚೆನ್ನ. ‘ಆಫ್ರಿಕನ್ ಟೀಕ್’ ಅಂತ ಮಾರುವುದು ಎಷ್ಟೋ ಸಲ ಸಾಗವಾನಿಯ ಜಾತಿಯೇ ಅಲ್ಲ, ಕೇಳಿ ತಗೊಳ್ಳಿ.

ಯಾವ ಮರವಾದರೂ ಒಣಗಿರಬೇಕು. ತೇವದ ಮೀಟರ್ ಚುಚ್ಚಿದಾಗ ಶೇಕಡಾ 15ರ ಒಳಗೆ ಬರಲಿ. ಮೂರು ಇಂಚು ದಪ್ಪದ ಮರದ ಹೊಟ್ಟೆ ತಾನಾಗಿ ಒಣಗೋಕೆ ವರ್ಷಗಳೇ ಬೇಕು. ಹಾಗಾಗಿ ಭಟ್ಟಿಯಲ್ಲಿ ಒಣಗಿಸಿದ್ದೇ ಕೇಳಿ.

ಲೆಕ್ಕ ಸುಲಭ. 7 ಅಡಿ ಎತ್ತರ, 4 ಅಡಿ ಅಗಲ, 5 ಇಂಚು ಗುಣಿಸು 3 ಇಂಚಿನ ಮರ. ಕೆಳಗೂ ಮೇಲೂ ಸೇರಿ 22 ಅಡಿ ಉದ್ದ, ಅಂದರೆ ಸುಮಾರು 2.3 ಘನ ಅಡಿ. ಕೊಯ್ತಕ್ಕೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ಇಷ್ಟು ನೋಡಿ ತಂದ ಮರವೂ ಕೊಳೆಯೋಕೆ ಶುರುವಾಗೋದು ಬುಡದಲ್ಲೇ. ಕೊಯ್ದ ತುದಿ ಹುಲ್ಲಿನ ಕಟ್ಟಿನ ಹಾಗೆ, ಎಳೆ ಎಳೆಯಲ್ಲೂ ನೀರು ಹೀರುತ್ತದೆ. ಗೋವಾದ ಮಳೆ ಪಡುವಣ ಗಾಳಿಯ ಜೊತೆ ನೇರ ಬಡಿಯುತ್ತದೆ. ಚಿರೆಕಲ್ಲಿನ ಗೋಡೆಯೂ ನೀರು ಕುಡಿದು ಕೂತಿರುತ್ತದೆ. ಅದಕ್ಕೇ ನಿಲ್ಲಿಸುವ ಮೊದಲೇ ಬುಡಕ್ಕೂ ಗೋಡೆಗೆ ತಾಗುವ ಬೆನ್ನಿಗೂ ಪ್ರೈಮರ್ ಕುಡಿಸಬೇಕು. ಆಮೇಲೆ ಅಲ್ಲಿಗೆ ಬ್ರಷ್ ಹೋಗಲ್ಲ, ಅಲ್ವಾ? ಕಬ್ಬಿಣದ ಸ್ಕ್ರೂ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿದು ಮರದ ಮೇಲೆ ಕಪ್ಪು ಕಲೆ ಇಳಿಸುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಹಾಕಿಸಿ.

ಆ ಅಕ್ಕನ ಮನೆಗೆ ಹೆಬ್ಬಲಸು ಹಾಕಿದೆ. ಹೊಸ್ತಿಲಿಗೆ ಮಾತ್ರ ಗ್ರಾನೈಟ್, ಹೊರಗಡೆ ಸ್ವಲ್ಪ ಇಳಿಜಾರು. ಗಂಬದ ಬುಡಕ್ಕೆ ಮೂರು ಕೋಟ್. ಅಕ್ಕ ಗ್ರಾನೈಟಿಗೇ ಅರಿಶಿನ ಹಚ್ಚಿ ಪೂಜೆ ಮಾಡಿದರು.